ತಾಳ ತಪ್ಪಿದ ಎಂಜಿನ್

ಮೂಡಿಗೆರೆ ಕಡೆಯ ಓದುಗರೊಬ್ಬರು ಕಳೆದ ತಿಂಗಳು ಬರೆದಿದ್ದರು. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ, ಇನ್ನೇನು ಮೇಲೆ ಬಂದೆವು ಎನ್ನುವಷ್ಟರಲ್ಲಿ ಅವರ ಕಾರಿನ ಎಂಜಿನ್ ಇದ್ದಕ್ಕಿದ್ದಂತೆ ಆಫ್ ಆಗಿದೆ. ಕೆಮ್ಮಲಿಲ್ಲ, ಜರ್ಕ್ ಹೊಡೆಯಲಿಲ್ಲ. ದೀಪ ಆರಿದ ಹಾಗೆ ನಿಂತಿತು. ಸ್ಟೀರಿಂಗ್ ಬಿಗಿಯಾಯಿತು. ಮೂರನೇ ಸಲ ಒತ್ತುವಾಗ ಬ್ರೇಕ್ ಕಲ್ಲಿನಂತಾಯಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇತ್ತು, ಬ್ಯಾಟರಿ ಹೊಸದು. ಮುಕ್ಕಾಲು ಗಂಟೆ ಮಂಜಿನಲ್ಲಿ ಕಾದು, ಇನ್ನೊಮ್ಮೆ ನೋಡೋಣವೆಂದು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತಂತೆ. ಗ್ಯಾರೇಜಿನಲ್ಲಿ ಎರಡು ದಿನ ಬಿಟ್ಟರೂ ದೋಷ ಸಿಗಲಿಲ್ಲ. "ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಘಾಟಿ ಹತ್ತಲು ಧೈರ್ಯ ಬರುತ್ತಿಲ್ಲ. ಇದಕ್ಕೆ ಏನಾದರೂ ಕಾರಣ ಇರಲೇಬೇಕಲ್ಲವೇ?"

ಇರಲೇಬೇಕು. ನಾನು ಅವರಿಗೆ ಮರುಪ್ರಶ್ನೆ ಕೇಳಿದ್ದು ಒಂದೇ: ಎಂಜಿನ್ ನಿಂತ ಆ ಕ್ಷಣ, ಕಾರು ಇನ್ನೂ ಗೇರಿನಲ್ಲಿ ಉರುಳುತ್ತಿದ್ದಾಗ, ಆರ್‌ಪಿಎಂ ಮುಳ್ಳು ಏನು ಮಾಡಿತು?

ಘಾಟಿಯಲ್ಲಿ ಕಾರು ಕೈಕೊಡುವುದು ಹೊಸತಲ್ಲ. ಅಂಬಾಸಿಡರ್ ಓಡಿಸಿದವರಿಗೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾದ ನೆನಪಿರುತ್ತದೆ. ಆಗ ಪಂಪ್ ಇದ್ದದ್ದು ಎಂಜಿನ್ನಿನ ಮೈಗೆ ಅಂಟಿಕೊಂಡು. ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು, ದ್ರವವನ್ನು ಎಳೆಯಲು ಮಾಡಿದ ಪಂಪ್ ಆವಿಯನ್ನು ಎಳೆಯಲಾಗದೆ ಸೋಲುತ್ತಿತ್ತು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಮುಳುಗಿ ಕೂತು, ಪೆಟ್ರೋಲನ್ನು ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಒದ್ದೆ ಬಟ್ಟೆಯ ಕಾಲ ಮುಗಿಯಿತು. ಆದರೆ ಬಿಸಿಯೇರಿದರೆ ನಿಲ್ಲುವುದು, ತಣಿದರೆ ಹೊರಡುವುದು ಎಂಬ ಲಕ್ಷಣ ಮಾತ್ರ ಹಾಗೇ ಉಳಿದಿದೆ. ಈಗ ಅದು ಬರುವ ದಾರಿ ಬೇರೆ.

ಎಂಜಿನ್ನಿಗೆ ಗಾಳಿ, ಪೆಟ್ರೋಲ್, ಕಿಡಿ ಈ ಮೂರಿದ್ದರೆ ಸಾಕು ಎಂದು ಶಾಲೆಯಲ್ಲಿ ಕಲಿಯುತ್ತೇವೆ. ನಾಲ್ಕನೆಯದು ವೇಳೆ. ನಿಮಿಷಕ್ಕೆ 3,000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಸೆಕೆಂಡಿಗೆ 100 ಕಿಡಿ ಬೇಕು. ಪ್ರತಿ ಕಿಡಿಯೂ ಪಿಸ್ಟನ್ ಮೇಲೆ ಬಂದು ಮುಟ್ಟುವ ಸ್ವಲ್ಪ ಮೊದಲು, ತನ್ನ ಹೊತ್ತಿಗೇ ಹಾರಬೇಕು. ಪಿಸ್ಟನ್ನುಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಒಂದು ಡಿಗ್ರಿ ತಿರುಗಲು ಆಗ ಹಿಡಿಯುವ ಸಮಯ ಸೆಕೆಂಡಿನ 18,000ದಲ್ಲಿ ಒಂದು ಪಾಲು. ಹಿಂದೆ ಇದನ್ನು ನೋಡಿಕೊಳ್ಳುತ್ತಿದ್ದ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಲ್ಲುಗಾಲಿಗೆ ನೇರವಾಗಿ ಜೋಡಿಸಿದ ಯಂತ್ರ. ಎಂಜಿನ್ ತಿರುಗಿದರೆ ಅದೂ ತಿರುಗಲೇಬೇಕು. ಈಗ ಕಿಡಿಯ ಹೊತ್ತು ಗೊತ್ತುಮಾಡುವುದು ಕಂಪ್ಯೂಟರ್. ಎಂಜಿನ್ನಿಗೂ ಅದಕ್ಕೂ ನಡುವೆ ಇರುವುದು ವೈರುಗಳು ಮಾತ್ರ. ಕ್ರ್ಯಾಂಕ್‌ಶಾಫ್ಟ್ ಎಲ್ಲಿದೆ ಎಂದು ಅದಕ್ಕೆ ಯಾರಾದರೂ ಹೇಳುತ್ತಲೇ ಇರಬೇಕು.

ಹೇಳುವ ಬಗೆ ಬಹಳ ಚಂದ. ಬಹಳಷ್ಟು ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಒಂದು ಹಲ್ಲಿನ ಚಕ್ರ ಜೋಡಿಸಿರುತ್ತಾರೆ. 60 ಹಲ್ಲಿಗೆ ಜಾಗ, ಆದರೆ ಇರುವುದು 58. ಬೇಕೆಂದೇ ಎರಡು ಹಲ್ಲು ಬಿಟ್ಟಿರುತ್ತಾರೆ. ಯಾಕೆ? ಕಛೇರಿಯಲ್ಲಿ ಆದಿತಾಳ ಹಾಕುವವರ ಕೈಯನ್ನು ನೆನೆಯಿರಿ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ. ಎಂಟೂ ಒಂದೇ ತೆರನ ಪೆಟ್ಟುಗಳಾಗಿದ್ದರೆ, ಹಾಡಿನ ನಡುವೆ ಬಂದು ಕೂತವರಿಗೆ ಕಾಲ ತಿಳಿಯುತ್ತದೆ, ಸಮ ತಿಳಿಯುವುದಿಲ್ಲ. ಅಂಗೈ ಮೇಲಾಗಿ ಸದ್ದಿಲ್ಲದೆ ಬೀಳುವ ಆ ಹುಸಿಯನ್ನು ನೋಡಿಯೇ ಆವರ್ತ ಮುಗಿಯುತ್ತಿದೆ, ಸಮ ಬರುತ್ತಿದೆ ಎಂದು ಗೊತ್ತಾಗುವುದು. ಚಕ್ರದಲ್ಲಿ ಇಲ್ಲದ ಎರಡು ಹಲ್ಲುಗಳು ಎಂಜಿನ್ನಿನ ಹುಸಿ. ಸೆನ್ಸರಿನ ಮುಂದೆ ಹಲ್ಲುಗಳು ಟಕಟಕ ಹಾದುಹೋಗಿ ಒಂದೆಡೆ ಖಾಲಿ ಬಿದ್ದೊಡನೆ ಕಂಪ್ಯೂಟರ್ ಸುತ್ತಿನ ಗುರುತು ಹಿಡಿದು, ಅಲ್ಲಿಂದ ಆರಾರು ಡಿಗ್ರಿ ಎಣಿಸುತ್ತ ಹೋಗುತ್ತದೆ. ಒಳ್ಳೆಯ ಮೃದಂಗ ವಿದ್ವಾಂಸರ ಮುಂದೆ ಕೂತಾಗಲೆಲ್ಲ ನನಗೆ ಈ ಚಕ್ರದ ನೆನಪಾಗುತ್ತದೆ. ಮುಕ್ತಾಯದ ಲೆಕ್ಕವೆಲ್ಲ ಅವರ ತಲೆಯಲ್ಲಿದ್ದರೂ ಕಣ್ಣು ಮಾತ್ರ ತಾಳದ ಕೈಯ ಮೇಲೇ ಇರುತ್ತದೆ.

ಹಲ್ಲು ಹಾದದ್ದನ್ನು ಸೆನ್ಸರ್ ಅರಿಯುವುದು ಮುಟ್ಟದೆಯೇ, ಸುಮಾರು ಒಂದು ಮಿಲಿಮೀಟರ್ ದೂರದಿಂದ. ಹಳೆಯ ಬಗೆಯದರಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಕಬ್ಬಿಣದ ಹಲ್ಲು ಹತ್ತಿರ ಬಂದು ಹೋದಂತೆ ಅಯಸ್ಕಾಂತದ ಕ್ಷೇತ್ರ ಏರಿಳಿದು ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದು ಇದನ್ನೇ.

ಹೊಸ ಬಗೆಯ ಸೆನ್ಸರಿನ ಕಥೆ ನನಗೆ ಇನ್ನೂ ಪ್ರಿಯ. ವಿದ್ಯುತ್ ಹರಿಯುವ ತಂತಿಯನ್ನು ಅಯಸ್ಕಾಂತದ ಬಳಿ ಇಟ್ಟರೆ ಅದು ಪಕ್ಕಕ್ಕೆ ತಳ್ಳಲ್ಪಡುತ್ತದೆ. ಆ ಬಲ ಬೀಳುವುದು ತಂತಿಯ ಮೇಲೋ, ಒಳಗೆ ಹರಿಯುವ ವಿದ್ಯುತ್ತಿನ ಮೇಲೋ? ತಂತಿಯ ಮೇಲೆಯೇ ಎಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರ ತಮ್ಮ ಗ್ರಂಥದಲ್ಲಿ ಬರೆದಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವಿನ್ ಹಾಲ್‌ಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಗುರು ಹೆನ್ರಿ ರೋಲಂಡ್ ಅವರಿಗೂ ಅದೇ ಅನುಮಾನವಿತ್ತು. ಅವರೇ ಒಮ್ಮೆ ಪ್ರಯತ್ನಿಸಿ ಸೋತಿದ್ದರು. ಗುರುವಿನ ಸಲಹೆಯಂತೆ ಹಾಲ್ ಗಾಜಿನ ಮೇಲೆ ತೆಳು ಚಿನ್ನದ ರೇಕು ಅಂಟಿಸಿ, ಅದರಲ್ಲಿ ವಿದ್ಯುತ್ ಹರಿಸಿ, ವಿದ್ಯುತ್ಕಾಂತದ ಧ್ರುವಗಳ ನಡುವೆ ಇಟ್ಟರು. ರೇಕಿನ ಅಡ್ಡಕ್ಕೆ ಪುಟ್ಟದೊಂದು ವೋಲ್ಟೇಜ್ ಕಾಣಿಸಿತು. ಬಲ ಹರಿಯುವುದರ ಮೇಲೆಯೇ ಬೀಳುತ್ತಿತ್ತು, ಅದನ್ನು ಒಂದು ಅಂಚಿಗೆ ಸರಿಸುತ್ತಿತ್ತು. ಇದು ನಡೆದದ್ದು 1879ರ ಅಕ್ಟೋಬರಿನಲ್ಲಿ. ಹಾಲ್‌ಗೆ ಇನ್ನೂ 24 ತುಂಬಿರಲಿಲ್ಲ. ಮರು ತಿಂಗಳೇ ಮ್ಯಾಕ್ಸ್‌ವೆಲ್ ತೀರಿಕೊಂಡರು. ಹರಿಯುತ್ತಿರುವುದು ಎಲೆಕ್ಟ್ರಾನ್ ಎಂದು ತಿಳಿಯಲು ಜಗತ್ತು ಇನ್ನೂ 18 ವರ್ಷ ಕಾಯಬೇಕಿತ್ತು. ಚಿನ್ನದ ಜಾಗಕ್ಕೆ ಅರೆವಾಹಕ ಬಂದ ಮೇಲೆ ಆ ಪುಟ್ಟ ವೋಲ್ಟೇಜ್ ದೊಡ್ಡದಾಯಿತು. ಇಂದು ಆ ಅರೆವಾಹಕವೇ ಹೊಸ ಬಗೆಯ ಸೆನ್ಸರಾಗಿ ಬಾನೆಟ್ ಕೆಳಗೆ, ಎಣ್ಣೆ ಕೊಳೆ ಮೆತ್ತಿಕೊಂಡು ಹಲ್ಲು ಎಣಿಸುತ್ತಿದೆ.

ನಮ್ಮ ಓದುಗರ ಕಾರು ಹಳೆಯದು, ಸುರುಳಿಯ ಬಗೆಯದು. ಸೆನ್ಸರ್ ಕೂರುವುದು ಎಂಜಿನ್ ಬ್ಲಾಕಿನ ಮೇಲೆಯೇ. ತಂತಿಯ ಸುತ್ತ ಪ್ಲಾಸ್ಟಿಕ್, ಎಪಾಕ್ಸಿ ತುಂಬಿರುತ್ತದೆ. ಬಿಸಿಯೇರಿದಾಗ ಇವು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತವೆ, ತಂತಿಯನ್ನು ಎಳೆಯುತ್ತವೆ. ಹತ್ತು ವರ್ಷ ಹಿಗ್ಗಿ ಕುಗ್ಗಿ ಎಲ್ಲೋ ಒಂದೆಡೆ ತಂತಿ ತುಂಡಾಗಿರುತ್ತದೆ. ತಣ್ಣಗಿದ್ದಾಗ ಆ ತುದಿಗಳು ಮುಟ್ಟಿಕೊಂಡೇ ಇರುತ್ತವೆ, ಕಾದಾಗ ಬಿಟ್ಟುಕೊಳ್ಳುತ್ತವೆ. ಎಂಜಿನ್ ನಿಂತ ಕೂಡಲೇ ಅದು ತಣಿಯುವುದೂ ಇಲ್ಲ. ನೀರು ಸುತ್ತುವುದು ನಿಂತು, ಎದುರಿನ ಗಾಳಿಯೂ ನಿಂತು, ಬಾನೆಟ್ ಕೆಳಗಿನ ಬಿಸಿ ಮೊದಲು ಇನ್ನಷ್ಟು ಏರುತ್ತದೆ. ಅವರು ಸೆಲ್ಫ್ ಹೊಡೆಯುತ್ತಿದ್ದದ್ದು ಸರಿಯಾಗಿ ಆ ಹೊತ್ತಿನಲ್ಲೇ. ಗ್ಯಾರೇಜಿನಲ್ಲಿ ತಣ್ಣಗೆ ನಿಂತ ಕಾರಿನಲ್ಲಿ ಹುಡುಕಿದರೆ ಏನು ಸಿಗುತ್ತದೆ?

ತಾಳದ ಕೈ ನಿಂತೊಡನೆ ಕಂಪ್ಯೂಟರ್ ಕಿಡಿಯನ್ನೂ ಪೆಟ್ರೋಲನ್ನೂ ತಾನೇ ನಿಲ್ಲಿಸುತ್ತದೆ. ಹಾಗೆ ಮಾಡುವುದೇ ಸರಿ. ಅಂದಾಜಿನ ಮೇಲೆ ಕಿಡಿ ಹಾರಿಸಿದರೆ ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೆ ಸುತ್ತಿಗೆಯ ಏಟು. ಅಪಘಾತದಲ್ಲಿ ಎಂಜಿನ್ ನಿಂತಿದ್ದು ಪೈಪು ಒಡೆದಿದ್ದರೆ, ಪಂಪ್ ಓಡುತ್ತಲೇ ಇರುವುದು ಬೆಂಕಿಗೆ ದಾರಿ. ಕೆಲವು ಕಾರುಗಳು ಕ್ಯಾಮ್‌ಶಾಫ್ಟಿನ ಬಳಿಯ ಇನ್ನೊಂದು ಸೆನ್ಸರಿನ ಲೆಕ್ಕದ ಜತೆ ಹೋಲಿಸಿ, ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ ಎಂದು ಪಿ0335 ಎಂಬ ಕೋಡ್ ಬರೆದಿಡುತ್ತವೆ. ಇವರ ಕಾರು ಬರೆದಿಟ್ಟಿರಲಿಲ್ಲ. ಕಾರೆಂದರೆ ಈಗ ಚಕ್ರದ ಮೇಲಿನ ಕಂಪ್ಯೂಟರ್, ದೋಷವನ್ನು ತಾನೇ ಹುಡುಕಿ ಹೇಳುತ್ತದೆ ಎಂಬ ಜಾಹೀರಾತಿನ ಮಾತನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ. ಕೂದಲೆಳೆಯ ತಂತಿ ತುಂಡಾದದ್ದನ್ನು ಯಾವ ಸಾಫ್ಟ್‌ವೇರ್ ಬಂದು ಬೆಸೆಯುತ್ತದೆ?

ಬ್ರೇಕ್ ಕಲ್ಲಾದದ್ದಕ್ಕೆ ಕಾರಣ ಬೇರೆ. ನಮ್ಮ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್, ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದಿಂದ ಕೆಲಸ ಮಾಡುತ್ತದೆ. ಎಂಜಿನ್ ನಿಂತರೂ ಎರಡು ಮೂರು ಒತ್ತಿಗಾಗುವಷ್ಟು ನಿರ್ವಾತ ಅದರಲ್ಲಿ ಉಳಿದಿರುತ್ತದೆ. ಹೆದರಿ ಮತ್ತೆ ಮತ್ತೆ ಒತ್ತಿ ಬಿಟ್ಟರೆ ಅದು ಖರ್ಚಾಗುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದಿರಬೇಕು. ಖರ್ಚಾದ ಮೇಲೂ ಬ್ರೇಕ್ ಹಿಡಿಯುತ್ತದೆ, ಆದರೆ ಮೈಬಲವೆಲ್ಲ ಹಾಕಬೇಕು. ಇಳಿಜಾರಿನಲ್ಲಿ ಹೀಗಾದರೆ ಕ್ಲಚ್ ಒತ್ತಬೇಡಿ, ಗೇರು ತೆಗೆಯಬೇಡಿ. ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಿರುವಷ್ಟು ಹೊತ್ತು, ಕಿಡಿ ಇಲ್ಲದಿದ್ದರೂ ಅದು ಗಾಳಿ ಎಳೆಯುತ್ತದೆ, ಬೂಸ್ಟರಿಗೆ ನಿರ್ವಾತ ಸಿಗುತ್ತಲೇ ಇರುತ್ತದೆ. ಕೀಯನ್ನಂತೂ ಹೊರಗೆ ತೆಗೆಯಲೇಬಾರದು. ಸ್ಟೀರಿಂಗ್ ಲಾಕ್ ಆದೀತು.

ಕೀ ಎಂದಾಗ ಜನರಲ್ ಮೋಟರ್ಸ್ ಪ್ರಕರಣ ಹೇಳದೆ ಇರಲಾರೆ. 2014ರಲ್ಲಿ ಆ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಅವುಗಳ ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಕೀ ಸ್ವಿಚ್ಚಿನೊಳಗಿನ ಹಿಡಿತ ಸಡಿಲ. ಭಾರದ ಕೀಗೊಂಚಲು ಜಗ್ಗಿದರೆ, ಮೊಣಕಾಲು ತಾಗಿದರೆ, ಕೀ ತಾನಾಗಿ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ಜತೆಗೆ ಏರ್‌ಬ್ಯಾಗ್ ಕೂಡ ಆರಿಹೋಗುತ್ತಿತ್ತು. ಈ ದೋಷದಿಂದ 124 ಜನ ಸತ್ತರೆಂದು ಕಂಪನಿಯ ಪರಿಹಾರ ನಿಧಿಯೇ ಒಪ್ಪಿಕೊಂಡಿತು. ಸ್ವಿಚ್ಚನ್ನು ಕಂಪನಿ ಕೆಲ ವರ್ಷಗಳ ಹಿಂದೆಯೇ ಬದಲಿಸಿತ್ತು, ಆದರೆ ಬಿಡಿಭಾಗದ ನಂಬರನ್ನು ಬದಲಿಸಿರಲಿಲ್ಲ. ಹಾಗಾಗಿ ಹಳೆಯದೂ ಹೊಸದೂ ಕಾಗದದ ಮೇಲೆ ಒಂದೇ. ಮೃತರೊಬ್ಬರ ಕುಟುಂಬದ ಪರವಾಗಿ ಕೆಲಸ ಮಾಡುತ್ತಿದ್ದ ಇಂಜಿನಿಯರ್ ಎರಡನ್ನೂ ಬಿಚ್ಚಿ ಅಳೆದು ನೋಡಿದಾಗ, ಹಿಡಿತ ಕೊಡುವ ಪುಟ್ಟ ಭಾಗದ ಉದ್ದದಲ್ಲಿ ಮಿಲಿಮೀಟರ್ ಲೆಕ್ಕದ ವ್ಯತ್ಯಾಸ ಸಿಕ್ಕಿತು. ಆ ನಂಬರ್ ಬದಲಾಗಿದ್ದರೆ ಎಷ್ಟು ಬೇಗ ದೋಷ ಹೊರಬರುತ್ತಿತ್ತೋ ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹತ್ತು ದಿನದ ಮೇಲೆ ಓದುಗರ ಉತ್ತರ ಬಂತು. ಮುಳ್ಳು ನಿಧಾನವಾಗಿ ಇಳಿಯಲಿಲ್ಲ, ಕಾರು 40ರ ವೇಗದಲ್ಲಿ ಉರುಳುತ್ತಿರುವಾಗಲೇ ಸೊನ್ನೆಗೆ ಬಿತ್ತು ಎಂದು ಪಕ್ಕದಲ್ಲಿ ಕೂತಿದ್ದ ಮಗಳಿಗೆ ನೆನಪಿತ್ತು. ಗೇರಿನಲ್ಲಿ ಎಂಜಿನ್ ತಿರುಗುತ್ತಲೇ ಇದೆ, ಮುಳ್ಳು ಮಾತ್ರ ಇಲ್ಲ ಎನ್ನುತ್ತಿದೆ. ಪೆಟ್ರೋಲ್ ತಪ್ಪಿದ್ದರೆ ಮುಳ್ಳು ಕಾರಿನ ವೇಗದ ಜತೆಗೇ ಇಳಿಯಬೇಕಿತ್ತು. ಅವರು ಸೆನ್ಸರ್ ಬದಲಿಸಿ, ಹಳೆಯದನ್ನು ನನಗೆ ಕೊರಿಯರ್ ಮಾಡಿದರು.

ಮಲ್ಟಿಮೀಟರಿಗೆ ಹಚ್ಚಿದೆ. 870 ಓಮ್, ಆರೋಗ್ಯವಂತ ಸುರುಳಿ. ತಲೆಗೂದಲು ಒಣಗಿಸುವ ಡ್ರೈಯರ್ ತಂದು ಬಿಸಿಗಾಳಿ ಹಿಡಿದೆ. ತಾಮ್ರ ಕಾದಂತೆ ರೋಧ ಏರುವುದು ಸಹಜ. ಅಂಕಿ 900 ದಾಟಿತು, 1,000 ದಾಟಿತು, 1,050ರ ಹತ್ತಿರ ಬಂದು ತಟ್ಟನೆ ಮಾಯವಾಯಿತು. ತಂತಿ ಬಿಟ್ಟುಕೊಂಡಿತ್ತು. ಡ್ರೈಯರ್ ಆರಿಸಿ, ಗಡಿಯಾರ ನೋಡುತ್ತ ಕೂತೆ. ಏಳನೇ ನಿಮಿಷಕ್ಕೆ ಅಂಕಿ ತಾನಾಗಿ ಮರಳಿ ಬಂತು.