ಮಾಳಿಗೆಯ ಭಾರ

ಮನೆ ಹಳೆಯದಾಯಿತೆಂದರೆ ಕೆಡವುವುದೊಂದೇ ದಾರಿಯೆಂದು ತಿಳಿದವರು ನಮ್ಮಲ್ಲಿ ಬಹಳ. ಉಳಿಸಿಕೊಳ್ಳಬೇಕೆನ್ನುವವರೂ ಇಲ್ಲದಿಲ್ಲ, ಆದರೆ ಅವರಲ್ಲಿ ಹಲವರು ಮೊದಲು ತರಿಸುವುದು ಸಿಮೆಂಟನ್ನು. ನಾನು ಹೇಳಹೊರಟಿರುವುದು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಕಡೆಯ ಮಾಳಿಗೆ ಮನೆಗಳ ವಿಚಾರ. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಹರಿಯುವಾಗ ಬೀದಿಯ ಮಾಳಿಗೆಗಳ ಮೇಲೆ ಜನ ಏರಿ ನಿಲ್ಲುತ್ತಾರೆ. ಆ ಮಾಳಿಗೆ ಯಾವುದರ ಮೇಲೆ ನಿಂತಿದೆ ಎಂದು ಯೋಚಿಸುವವರು ವಿರಳ.

ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತೆ. ಅನುಕೂಲವಂತರಾದರೆ ಜಂತೆಯ ಮೇಲೆ ಹಲಗೆ, ಇಲ್ಲದವರಿಗೆ ಒತ್ತಾಗಿ ಜೋಡಿಸಿದ ಕಡ್ಡಿ. ಅದರ ಮೇಲೆ ಬಂದರಿಕೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಆ ಮಣ್ಣು ಸಾಮಾನ್ಯದ್ದಲ್ಲ, ಚೌಳು ಮಣ್ಣು. ಹೊಲದಲ್ಲಿ ಅದು ರೈತನ ಶತ್ರು. ಅದರಲ್ಲಿರುವ ಸೋಡಿಯಂ ಅಂಶ ನೀರು ತಾಗಿದೊಡನೆ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಆ ಕಣಗಳು ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ದೋಣಿಯ ಕಡೆಗೆ ಹರಿದುಹೋಗುತ್ತದೆ. ಬೆಳೆಯನ್ನು ಕೊಲ್ಲುವ ಗುಣವೇ ಮನೆಯನ್ನು ಕಾಯುವ ಗುಣವಾಯಿತು! ವರ್ಷಕ್ಕೆ 500 ಮಿಲಿಮೀಟರನ್ನೂ ಮುಟ್ಟದ ಮಳೆಯ ಸೀಮೆಗೆ ಇದು ತಕ್ಕ ಹೊದಿಕೆ.

ಆದರೆ ಮಳೆ ಎಂದೂ ಒಂದೇ ಸಮನಾಗಿ ಬರುವುದಿಲ್ಲ. 2022ರಲ್ಲಿ, ಸುಮಾರು ತೊಂಬತ್ತು ವರ್ಷಗಳ ಮೇಲೆ ವಾಣಿವಿಲಾಸ ಸಾಗರ ಕೋಡಿ ಹರಿಯಿತಲ್ಲ, ಆ ಮಳೆಗಾಲದಲ್ಲಿ ನನ್ನ ಸೋದರಮಾವನ ಮನೆಯ ನಡುಮನೆ ಸೋರಿತು. ಮಕ್ಕಳು ಕೆಡವೋಣವೆಂದರು. ಮಾವ ಒಪ್ಪಲಿಲ್ಲ. ಆ ನಡುಮನೆಯಲ್ಲೇ ಮೊಮ್ಮಕ್ಕಳು ಮಲಗುತ್ತಿದ್ದುದರಿಂದ ಸುಮ್ಮನಿರುವಂತೆಯೂ ಇರಲಿಲ್ಲ. ಬೇಸಿಗೆಯಲ್ಲಿ ವಯಸ್ಸಾದ ಬಡಗಿಯೊಬ್ಬರನ್ನು ಕರೆಸಿದರು, ನಾನೂ ಹೋಗಿದ್ದೆ. ತೊಲೆ ನಡುವೆ ಕೊಂಚ ಬಾಗಿತ್ತು. ನಾವೆಲ್ಲ ಆ ಬಾಗನ್ನೇ ನೋಡುತ್ತಿದ್ದರೆ ಅವರು ಏಣಿ ಹಾಕಿದ್ದು ಗೋಡೆಯ ಬದಿಗೆ. “ಯಜಮಾನ್ರೇ, ತೊಲೆ ನಡುವೆ ಸಾಯಲ್ಲ, ಗ್ವಾಡೆ ಒಳಗೆ ಸಾಯ್ತದೆ” ಎಂದು ಉಳಿಯ ಹಿಡಿಯಿಂದ ಬಡಿದರು. ನಡುವೆ ಗಟ್ಟಿ ದನಿ; ಗೋಡೆಯ ಬಳಿ ಟೊಳ್ಳು ದನಿ. ಗೋಡೆಯೊಳಗೆ ಸಿಕ್ಕ ತುದಿಗೆ ಗಾಳಿಯಿಲ್ಲ, ತೇವ ಆರುವುದಿಲ್ಲ, ಗೆದ್ದಲಿಗೆ ಅದೇ ಹೆಬ್ಬಾಗಿಲು.

ಅವರು ತೊಲೆಯನ್ನು ಮುಟ್ಟುವ ಮೊದಲು ಮಾಳಿಗೆಯ ಮಣ್ಣನ್ನು ತೆಗೆಸಿದರು. ಇದರ ಮಹತ್ವ ನನಗೆ ಲೆಕ್ಕ ಹಾಕಿದಾಗ ತಿಳಿಯಿತು. ಸೋರಿದಾಗಲೆಲ್ಲ ಮೇಲೊಂದು ಪದರ ಮಣ್ಣು ಹಾಕುವುದು ರೂಢಿ, ಹಳೆಯದನ್ನು ತೆಗೆಯುವವರಿಲ್ಲ. ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಆರು ಅಂಗುಲ ಮಣ್ಣೆಂದರೆ 50 ಘನ ಅಡಿ. ತೂಕ ಎರಡು ಟನ್ನಿಗೂ ಹೆಚ್ಚು. ಒಂದಡಿಯಾದರೆ ನಾಲ್ಕು ಟನ್ನನ್ನು ಮೀರುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ತಲೆಮಾರುಗಳ ತೇಪೆಯೆಲ್ಲ ತೊಲೆಯ ಬೆನ್ನ ಮೇಲೆಯೇ ಕುಳಿತಿರುತ್ತದೆ. ನಾಲ್ಕು ಅಂಗುಲ ಉಳಿಸಿ ಮಿಕ್ಕದ್ದನ್ನು ಇಳಿಸಿದರೆ ಅರ್ಧ ದುರಸ್ತಿ ಮುಗಿದಂತೆಯೇ.

ಆಮೇಲೆ ಆಸರೆ ಕಂಬ ನಿಲ್ಲಿಸಿ ಕೊಳೆತ ತುದಿಯನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು, ಹಳೆಯ ಜಂತೆಗಳಲ್ಲಿ ಒಳ್ಳೆಯದಾಗಿದ್ದವನ್ನು ಇಕ್ಕೆಲಕ್ಕೆ ಜೋಡಿಸಿ ಬೋಲ್ಟು ಬಿಗಿದರು. ತುದಿಯ ಕೆಳಗೆ ಕಲ್ಲಿನ ದಿಂಡು. ಸುತ್ತ ಬೆರಳು ತೂರುವಷ್ಟು ಸಂದು. ಆ ಸಂದನ್ನು ಗಾರೆಯಿಂದ ಮುಚ್ಚಬಾರದೆಂದು ಗಾರೆಯವನಿಗೆ ಮೂರು ಸಲ ಹೇಳಬೇಕಾಯಿತು. ಹೊಸ ಕೊಯ್ತಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರು ಬಳಿದೆವು. ಗೆದ್ದಲಿಗೆ ಅದು ಒಳ್ಳೆಯ ಮದ್ದು, ಆದರೆ ಮರ ನೆನೆಯುತ್ತಿದ್ದರೆ ತೊಳೆದುಹೋಗುತ್ತದೆ.

ಇನ್ನು ಸಿಮೆಂಟಿನ ಮಾತು. ಮಣ್ಣಿನ ಮಾಳಿಗೆಯ ಮೇಲೆ ಸಿಮೆಂಟು ಹಾಸಿದರೆ ಸೋರುವುದು ನಿಲ್ಲುತ್ತದೆಂಬುದು ಮೇಲ್ನೋಟದ ಮಾತು. ಬಿಸಿಲಿಗೆ ಮರ, ಮಣ್ಣು, ಸಿಮೆಂಟು ಒಂದೇ ರೀತಿ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಮರಳಿ ಆರಲು ದಾರಿಯಿಲ್ಲದೆ ಮರವನ್ನು ಕಾಣದಂತೆ ಕೊಳೆಸುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೋದ ರಾಂಚೋಸ್ ದ ತಾವೋಸ್ ಎಂಬಲ್ಲಿ ಹಸಿ ಇಟ್ಟಿಗೆಯ ಹಳೆಯ ಇಗರ್ಜಿಯೊಂದಿದೆ. 1967ರಲ್ಲಿ ಅದರ ಗೋಡೆಗಳಿಗೆ ಸಿಮೆಂಟು ಬಳಿದರು; ತೇವ ಒಳಗೇ ನಿಂತು ಗೋಡೆ ಹಾಳಾಗತೊಡಗಿತು. 1979ರಲ್ಲಿ ಅದನ್ನೆಲ್ಲ ಕಿತ್ತು ಮತ್ತೆ ಮಣ್ಣನ್ನೇ ಮೆತ್ತಿದರು. ಅಂದಿನಿಂದ ಊರವರು ಕೂಡಿ ಆ ಮಣ್ಣಿನ ಮೆತ್ತುಗೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಪೂರ್ವ ತುರ್ಕಿಯ ಹಳ್ಳಿಗಳಲ್ಲಿಯೂ ಮಣ್ಣಿನ ಮಾಳಿಗೆಯುಂಟು. ಅಲ್ಲಿ ಮಾಳಿಗೆಯ ಮೇಲೆಯೇ ಕಲ್ಲಿನ ರೋಲರೊಂದನ್ನು ಇಟ್ಟಿರುತ್ತಾರೆ, ಮಳೆ ಬಂದಾಗ ಉರುಳಿಸಲು.

ಅಟ್ಟದ ಹಲಗೆ ನೆಲಕ್ಕೆ ಹೆಚ್ಚು ಕೆಲಸ ಬೀಳಲಿಲ್ಲ. ಸಡಿಲವಾದ ನಾಲ್ಕು ಹಲಗೆಗಳನ್ನು ತಿರುವಿ ಹಾಕಿದ್ದಾಯಿತು. ಮುಚ್ಚಿಹೋಗಿದ್ದ ಗವಾಕ್ಷಿಯನ್ನು ಮಾತ್ರ ಬಿಡಿಸಿ ಗಾಜು ಕೂರಿಸಿದೆವು. ಅಡಿಗೆಮನೆಗೆ ಹಗಲು ದೀಪ ಬೇಕಿಲ್ಲವೆಂದು ಅತ್ತೆ ಹೇಳುತ್ತಾರೆ. ಮುಂದಿನ ಜಾತ್ರೆಗೆ ಮಾವ ಮಾಳಿಗೆ ಹತ್ತುವ ಜನಕ್ಕೊಂದು ಮಿತಿ ಹಾಕಿದರು: ನಡುಮನೆಯ ಮೇಲೆ ಹತ್ತು ಮಂದಿ, ಅದೂ ಗೋಡೆಯ ಅಂಚಿಗೆ. ನೆಂಟರಿಗೆ ಬೇಸರವಾಯಿತು; ಮಿತಿ ಇಂದಿಗೂ ಹಾಗೆಯೇ ಇದೆ.