ಜೂಡೋ: ಎತ್ತಿ ಒಗೆಯುವ ಮೊದಲು ಬೀಳುವ ಪಾಠ

ಸೊಲ್ಲಾಪುರ: ಅಕ್ಕಲಕೋಟ, ಜತ್ತ ಕಡೆ ಜಾತ್ರಿ ಅಂದ್ರ ಕುಸ್ತಿ ಇರಲೇಬೇಕು. ಕೆಮ್ಮಣ್ಣಿನ ತಾಲೀಮಿನಲ್ಲಿ ಬೆಳೆದ ಹುಡುಗನಿಗೆ ಜೂಡೋ ತೀರ ಹೊಸ ಆಟವೇನಲ್ಲ. ನಮ್ಮ ಧೋಬಿ ಪಛಾಡನ್ನು ಹೋಲುವ ಪಟ್ಟು ಅಲ್ಲಿ ಸೆಯೊಯಿ ನಾಗೆ, ಕಲಾಜಂಗವನ್ನು ಹೋಲುವುದು ಕಾತಾ ಗುರುಮಾ. ಆದರೂ ಬಿಳಿ ಅಂಗಿ, ಸೊಂಟದ ಬೆಲ್ಟ್ ಕಂಡ ಕೂಡಲೆ ಜನ ಕೇಳುವುದು ಒಂದೇ: ‘ಏನ್ರೀ, ಕರಾಟೆನಾ?’

1882ರಲ್ಲಿ ಜಪಾನಿನ ಜಿಗೊರೊ ಕಾನೊ ಆರಂಭಿಸಿದ ಜೂಡೋದಲ್ಲಿ ಒದೆ, ಗುದ್ದು ಇಲ್ಲ. ಎದುರಾಳಿಯ ಅಂಗಿ ಹಿಡಿದು, ತೋಲ ತಪ್ಪಿಸಿ ಕೆಡವಬೇಕು. ಕುಸ್ತಿ ಹುಡುಗರಿಗೆ ಬಿಡಿಸಬೇಕಾದ ಚಟವೂ ಒಂದಿದೆ. ಕಾಲಿಗೆ ಕೈ ಹಾಕುವುದಕ್ಕೆ 2010ರಲ್ಲಿ ನಿರ್ಬಂಧ ಬಂತು, 2013ರಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪೂರ್ತಿ ಬಂದ್ ಆಯಿತು. ಹೀಗಾಗಿ ಕಲಾಜಂಗದಂಥ ಪಟ್ಟನ್ನೂ ಕಾಲು ಮುಟ್ಟದೆ ಹೊಸದಾಗಿ ಕಲಿಯಬೇಕು.

ಇಷ್ಟಾದರೂ ಕೋಚ್‌ನ ಮೊದಲ ಕೆಲಸ ಎತ್ತಿ ಒಗೆಯುವುದನ್ನು ಕಲಿಸುವುದಲ್ಲ, ಬೀಳುವುದನ್ನು ಕಲಿಸುವುದು. ಇದಕ್ಕೆ ಉಕೆಮಿ ಎನ್ನುತ್ತಾರೆ. ಗದ್ದ ಎದೆಗೆ ಒತ್ತಿ, ಕೈಯಿಂದ ಚಾಪೆ ಬಡಿದು, ತಲೆ ನೆಲಕ್ಕೆ ತಾಗದಂತೆ ಉರುಳಬೇಕು. ಮಕ್ಕಳಿಗೆ ಬ್ಯಾಸರ ಬರುವಷ್ಟು ದಿನ ಇದೇ ನಡೆಯಬೇಕು. ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಜೂಡೋದ ತವರೇ ಸಾಕ್ಷಿ. ಜಪಾನಿನ ಶಾಲೆಗಳಲ್ಲಿ 1983ರಿಂದ 2011ರವರೆಗೆ 118 ವಿದ್ಯಾರ್ಥಿಗಳು ಜೂಡೋದಲ್ಲಿ ಜೀವ ಕಳೆದುಕೊಂಡರು. ಹೆಚ್ಚಿನವು ತಲೆ ಪೆಟ್ಟಿನ ಸಾವು. ಆಗಷ್ಟೇ ಸೇರಿದ ಹೊಸಬರೇ ಅದರಲ್ಲಿ ಬಹಳ. 2022ರಲ್ಲಿ ಅಲ್ಲಿನ ಫೆಡರೇಶನ್ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ಟೂರ್ನಿಯನ್ನೇ ನಿಲ್ಲಿಸಿತು. ಗೆಲ್ಲಲೇಬೇಕೆಂಬ ಹಟಕ್ಕೆ ಬಿದ್ದ ಪಾಲಕರು, ಕೋಚ್‌ಗಳು ಸಣ್ಣ ಮಕ್ಕಳ ತೂಕ ಇಳಿಸುವುದಕ್ಕೂ ಹೊರಟಿದ್ದರು!

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಸರ್ಕಾರಿ ಡಿಪ್ಲೊಮಾ ಇಲ್ಲದೆ ಸಂಬಳಕ್ಕೆ ಜೂಡೋ ಕಲಿಸುವಂತಿಲ್ಲ. ಆ ದೇಶದಲ್ಲಿ ನೋಂದಾಯಿತ ಜೂಡೋ ಪಟುಗಳು 5 ಲಕ್ಷಕ್ಕೂ ಹೆಚ್ಚು. ಮಗು ಸುಖವಾಗಿ ಮನೆಗೆ ಬಂದರೆ ತಾನೆ ಪಾಲಕರು ಮರುದಿನ ಕಳಿಸುವುದು?

ಒಳ್ಳೆ ಕೋಚಿಂಗ್ ಸಿಕ್ಕರೆ ನಮ್ಮ ಮಕ್ಕಳೂ ಕಡಿಮೆಯೇನಿಲ್ಲ. ಮಣಿಪುರದ ಲಿಂತೋಯ್ ಚಾನಂಬಮ್ ತಯಾರಾದದ್ದು ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ, ಜಾರ್ಜಿಯಾ ದೇಶದ ಕೋಚ್ ಮಮುಕಾ ಕಿಜಿಲಾಶ್ವಿಲಿ ಕೈಯಲ್ಲಿ. 2022ರಲ್ಲಿ ಸರಾಯೆವೊದಲ್ಲಿ ನಡೆದ ವಿಶ್ವ ಕೆಡೆಟ್ ಚಾಂಪಿಯನ್‌ಶಿಪ್‌ನ 57 ಕೆ.ಜಿ. ವಿಭಾಗದಲ್ಲಿ ಆಕೆ ಚಿನ್ನ ಗೆದ್ದಳು. ಯಾವುದೇ ವಯೋಮಾನದ ವಿಶ್ವ ಜೂಡೋ ಚಾಂಪಿಯನ್‌ಶಿಪ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷವುಳ್ಳ ಕಪಿಲ್ ಪರ್ಮಾರ್ ಕಂಚು ತಂದರು.

ಹಳ್ಳಿಗಳಲ್ಲಿ ಅಡಚಣೆ ಇರುವುದು ಮ್ಯಾಟ್‌ನದು. ಕೆಮ್ಮಣ್ಣು ಹದ ಮಾಡಿದರೆ ತಾಲೀಮು ನಡೆದೀತು, ಜೂಡೋಕ್ಕೆ ದಪ್ಪ ಚಾಪೆಯೇ ಬೇಕು. ಸಿಮೆಂಟ್ ನೆಲದ ಮೇಲೆ ಜಮಖಾನ ಹಾಸಿ ಮಕ್ಕಳನ್ನು ಎತ್ತಿ ಹಾಕುವ ಕ್ಲಾಸ್ ಕಂಡರೆ, ಫೀ ಎಷ್ಟೇ ಕಡಿಮೆ ಇರಲಿ, ಪಾಲಕರು ಮಗುವನ್ನು ಕರಕೊಂಡು ಮನೆಗೆ ಹೊರಡುವುದೇ ಲೇಸು.