ಹಾಲು ಕರೆಯುವ ಮಿಷನ್ ಕೆಟ್ಟಾಗ: ಪೇಟೆಯ ಮೆಕ್ಯಾನಿಕ್ಕೋ, ಕಂಪೆನಿಯ ಅಂಗಡಿಯೋ?



"ಡಾಕ್ಟ್ರೇ, ಮಿಷನ್ ಕೆಟ್ಟಿದೆ. ಅಂಗಡಿಯವರಿಗೆ ಫೋನ್ ಮಾಡಿದ್ರೆ ನಾಲ್ಕು ಸಾವಿರ ಆಗ್ತದೆ, ಬರ್ಲಿಕ್ಕೆ ಮೂರು ದಿನ ಬೇಕು ಅಂತಾರೆ. ಪೇಟೆಯಲ್ಲಿ ಪಂಪ್ ರಿಪೇರಿ ಮಾಡುವವ ಸಾವಿರಕ್ಕೆ ಇವತ್ತೇ ಮಾಡಿ ಕೊಡ್ತೇನೆ ಅಂತಾನೆ. ಯಾರಿಗೆ ಕೊಡುವುದು?"

ಮಟ್ಟು, ಕಟಪಾಡಿ, ಕಾಪು ಕಡೆಯ ಹಟ್ಟಿಗಳಿಗೆ ಹೋದಾಗ ದನದ ವಿಷಯ ಮುಗಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ. ದನದ ಡಾಕ್ಟರಿಗೆ ಮಿಷನ್ನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ರಿಪೇರಿ ಸರಿಯಾಗದಿದ್ದರೆ ಅದು ಮೊದಲು ಗೊತ್ತಾಗುವುದು ದನದ ಮೊಲೆತೊಟ್ಟಿಗೆ. ಒಂದು ವಾರ ಕಳೆದ ಮೇಲೆ ಕೆಚ್ಚಲು ಬಾವು ಎಂದು ಕರೆ ಬರುವುದು ನಮಗೆ. ಹಾಗಾಗಿ ಈ ಸಲ ಔಷಧ ಬಿಟ್ಟು ಸ್ಪ್ಯಾನರ್ ವಿಷಯ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಡೀ ಮಿಷನ್ನನ್ನು ಒಬ್ಬರಿಗೇ ಕೊಡಬೇಕೆಂದಿಲ್ಲ. ಅದರಲ್ಲಿ ತಿರುಗುವ ಭಾಗಗಳಿವೆ, ಹೀರುವ ಭಾಗಗಳಿವೆ. ಮೋಟಾರು, ಕೆಪಾಸಿಟರ್, ಸ್ವಿಚ್ಚು, ಬೇರಿಂಗ್, ಬೆಲ್ಟು, ಟ್ರಾಲಿಯ ಚಕ್ರ, ಬಿರುಕು ಬಿಟ್ಟ ಸ್ಟ್ಯಾಂಡಿನ ವೆಲ್ಡಿಂಗ್, ಇಷ್ಟನ್ನು ಪೇಟೆಯ ಒಳ್ಳೆಯ ಮೆಕ್ಯಾನಿಕ್ ಕಂಪೆನಿಯವರಷ್ಟೇ ಚೆನ್ನಾಗಿ ಮಾಡುತ್ತಾನೆ. ಬಾವಿಯ ಪಂಪಿನ ಮೋಟಾರು ರಿವೈಂಡ್ ಮಾಡಿ ಪಳಗಿದ ಕೈ ಅದು. ಮಟ್ಟುವಿನಂಥ ಊರಲ್ಲಿ, ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ ಇರುವಲ್ಲಿ, ಉಪ್ಪು ಗಾಳಿಗೆ ಟರ್ಮಿನಲ್ ತುಕ್ಕು ಹಿಡಿದು ಮೋಟಾರು ಗುಂಯ್ ಎಂದು ನಿಂತುಬಿಡುವುದು ಮಾಮೂಲು. ಅದಕ್ಕೆ ನಾಲ್ಕು ಸಾವಿರ ಕೊಟ್ಟು ಮೂರು ದಿನ ಕಾಯುವುದರಲ್ಲಿ ಅರ್ಥವಿಲ್ಲ.

ಪಲ್ಸೇಟರ್, ವ್ಯಾಕ್ಯೂಮ್ ರೆಗ್ಯುಲೇಟರ್, ಗೇಜು, ಲೈನರ್ ಎಂಬ ನಾಲ್ಕು ಭಾಗಗಳ ಮಾತು ಬೇರೆ. ಇವು ಕಂಪೆನಿಯ ಅಂಗಡಿಯಿಂದಲೇ ಬರಬೇಕು, ಅಳತೆ ಮಾಡುವ ಸಾಧನ ಇರುವವರೇ ಕೂಡಿಸಬೇಕು.

ಇವೆರಡರ ನಡುವೆ ಇರುವುದು ಪುಲ್ಲಿ. ಬೆಲ್ಟ್ ಇರುವ ಮಿಷನ್ನುಗಳಲ್ಲಿ ಮೋಟಾರಿನ ಓಟವನ್ನು ಪಂಪಿಗೆ ದಾಟಿಸುವುದು ಎರಡು ಪುಲ್ಲಿಗಳು. ನೋಡಲಿಕ್ಕೆ ಕಬ್ಬಿಣದ ಸಾದಾ ಚಕ್ರ. ಮಟ್ಟುವಿನ ಒಂದು ಹಟ್ಟಿಯಲ್ಲಿ ಮೋಟಾರಿನ ಪುಲ್ಲಿ ಸೀಳಿತ್ತು. ಮೆಕ್ಯಾನಿಕ್ ತನ್ನಲ್ಲಿದ್ದ ಇನ್ನೊಂದನ್ನು ಹಾಕಿದ. ಹಳೆಯದು ಮೂರು ಇಂಚು, ಹೊಸದು ನಾಲ್ಕು ಇಂಚು. ಪಂಪಿನ ಪುಲ್ಲಿಯೂ ನಾಲ್ಕು ಇಂಚೇ. ಲೆಕ್ಕ ಹಾಕಿ ನೋಡಿ. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗಿದರೆ ಮೊದಲು ಪಂಪು ತಿರುಗುತ್ತಿದ್ದುದು 1080 ಸುತ್ತು. ಈಗ ಅದೂ 1440. ಮೂರರಲ್ಲಿ ಒಂದು ಪಾಲು ಹೆಚ್ಚಾಯಿತು. "ಮೊದಲಿಗಿಂತ ಜೋರಾಗಿ ಎಳೀತದೆ" ಎಂದು ಮನೆಯವರಿಗೆ ಖುಷಿ. ಹೆಚ್ಚಾದ ಎಳೆತವನ್ನು ಹೊರಬಿಡಬೇಕಾದ ರೆಗ್ಯುಲೇಟರು ತುಕ್ಕು ಹಿಡಿದು ಕೂತಿತ್ತು, ಗೇಜಿನ ಮುಳ್ಳು ಅಲುಗುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು. ನಾಲ್ಕನೇ ದಿನ ದನ ಕಾಲು ಎತ್ತಿ ಎತ್ತಿ ಇಡಲು ಶುರು ಮಾಡಿತು. ನಾನು ಹೋದಾಗ ಮೊಲೆತೊಟ್ಟಿನ ತುದಿಯಲ್ಲಿ ಬಿಳಿ ಒರಟು ಉಂಗುರ ಎದ್ದಿತ್ತು, ಹಿಂದಿನ ಎಡ ಮೊಲೆಯಲ್ಲಿ ಗಟ್ಟಿ ಹಾಲು. ಆ ಮೆಕ್ಯಾನಿಕ್ಕಿನ ಕೆಲಸದಲ್ಲಿ ಮೋಸವಿರಲಿಲ್ಲ. ನೀರಿನ ಪಂಪು ಜೋರಾಗಿ ಓಡಿದರೆ ಒಳ್ಳೆಯದೇ, ಅವನಿಗೆ ಗೊತ್ತಿದ್ದ ಲೋಕ ಅದು.

ಆ ದನಕ್ಕೆ ಆಂಟಿಬಯೋಟಿಕ್ ಕೊಡಬೇಕಾಯಿತು. ಒಂದೇ ಮೊಲೆಗೆ ಔಷಧ ಹಾಕಿದರೂ ನಾಲ್ಕೂ ಮೊಲೆಯ ಹಾಲು ಸೊಸೈಟಿಗೆ ಹೋಗುವಂತಿಲ್ಲ, ಚಿಕಿತ್ಸೆಯ ದಿನಗಳು ಮತ್ತು ಆಮೇಲೆ ಔಷಧದ ಪೆಟ್ಟಿಗೆಯ ಮೇಲೆ ಬರೆದಷ್ಟು ದಿನ. ಹತ್ತು ಲೀಟರ್ ಕೊಡುವ ದನ ಎಂಟು ದಿನ ತಪ್ಪಿದರೆ 80 ಲೀಟರ್. ಅದನ್ನು ನಿಮ್ಮ ಪಾಸ್ ಪುಸ್ತಕದ ದರಕ್ಕೆ ಗುಣಿಸಿ, ಮೇಲೆ ಔಷಧದ ಖರ್ಚು ಸೇರಿಸಿ. ಆ ಮೊಲೆ ಬತ್ತಿಹೋದರೆ ಅದರ ಲೆಕ್ಕ ಈ ಸೂಲಿಗೇ ಮುಗಿಯುವುದಿಲ್ಲ.

ಆದ್ದರಿಂದ ಬೆಲ್ಟು ಪುಲ್ಲಿಯನ್ನು ಯಾರು ಬೇಕಾದರೂ ಹಾಕಲಿ, ಅಳತೆ ಮಾತ್ರ ಹಳೆಯದೇ ಇರಲಿ. ಬಿಚ್ಚುವ ಮೊದಲು ಪುಲ್ಲಿಗೆ ಟೇಪು ಹಿಡಿದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಪಂಪಿನ ಎಣ್ಣೆಯ ಕುಪ್ಪಿಯ ಫೋಟೋ ಕೂಡ. ವ್ಯಾಕ್ಯೂಮ್ ಪಂಪಿಗೆ ಅದರದ್ದೇ ಎಣ್ಣೆ ಬೇಕು. ಸ್ಕೂಟರಿನಿಂದ ತೆಗೆದ ಹಳೆಯ ಇಂಜಿನ್ ಆಯಿಲ್ ಹೊಯ್ದರೆ ಒಳಗಿನ ಹಲಗೆಗಳು, ಅಂದರೆ ವೇನುಗಳು, ಅಂಟಿಕೊಳ್ಳುತ್ತವೆ.

ಪಲ್ಸೇಟರ್ ಬಗ್ಗೆ ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಎಂದು ಹೇಳಬೇಕು. ಮೊದಮೊದಲಿನ ಹಾಲು ಕರೆಯುವ ಮಿಷನ್ನುಗಳು ಬಿಡದೆ ಹೀರುತ್ತಿದ್ದವು. ತೊಟ್ಟಿನಲ್ಲಿ ರಕ್ತ ಕಟ್ಟಿ ಊದಿಕೊಳ್ಳುತ್ತಿತ್ತು. 1895ರಲ್ಲಿ ಸ್ಕಾಟ್ಲೆಂಡಿನ ಡಾ. ಅಲೆಕ್ಸಾಂಡರ್ ಶೀಲ್ಡ್ಸ್ ಎಂಬವರು ಎಳೆತವನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸೇಟರ್ ಇರುವ ಮಿಷನ್ ತಂದ ಮೇಲೆಯೇ ದನಕ್ಕೆ ತಡೆಯುವಂಥ ಯಂತ್ರ ಬಂತು. ಕರು ಕುಡಿಯುವಾಗಲೂ ಹಾಗೆಯೇ ಅಲ್ಲವೇ, ಚೀಪುತ್ತದೆ, ನುಂಗುವಾಗ ಬಿಡುತ್ತದೆ. ನಮ್ಮ ಬಕೆಟ್ ಮಿಷನ್ನುಗಳ ಪಲ್ಸೇಟರ್ ನಿಮಿಷಕ್ಕೆ ಸುಮಾರು 60 ಸಲ ಬಡಿಯಬೇಕು, ಗಡಿಯಾರದ ಸೆಕೆಂಡ್ ಮುಳ್ಳಿನ ಹಾಗೆ. ಆ ಒಂದು ಬಡಿತದಲ್ಲಿ ಹೀರುವುದು 60 ಪಾಲು, ತೊಟ್ಟನ್ನು ಒತ್ತಿ ವಿಶ್ರಾಂತಿ ಕೊಡುವುದು 40 ಪಾಲು ಎಂಬುದು ಸಾಮಾನ್ಯ ಹೊಂದಾಣಿಕೆ. ಅದರಲ್ಲೊಂದು ಸಣ್ಣ ಸ್ಕ್ರೂ ಇರುತ್ತದೆ. "ಬೇಗ ಕರೆಯಲಿ" ಎಂದು ಯಾರಾದರೂ ಅದನ್ನು ತಿರುಗಿಸಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ದನಕ್ಕೆ ಸಿಗುವ ವಿಶ್ರಾಂತಿ ಕಡಿಮೆಯಾಗುತ್ತದೆ.

ಲೈನರ್, ನೀವು 'ರಬ್ಬರ್' ಎನ್ನುತ್ತೀರಲ್ಲ, ಅದೂ ಅಷ್ಟೇ. ರಬ್ಬರಿನ ಲೈನರಿಗೆ ಸುಮಾರು 2500 ಕರೆತದ ಆಯುಷ್ಯ. ನಾಲ್ಕು ದನ, ಎರಡು ಹೊತ್ತು ಎಂದರೆ ದಿನಕ್ಕೆ ಎಂಟು ಕರೆತ, ಹತ್ತು ತಿಂಗಳಾಗುತ್ತದೆ. ಆದರೆ ಹಾಲಿನ ಜಿಡ್ಡು, ಸೋಡಾ ನೀರು, ನಮ್ಮ ಸೆಕೆ ಇವುಗಳಿಗೆ ರಬ್ಬರು ಅದಕ್ಕಿಂತ ಮೊದಲೇ ಸೋಲುತ್ತದೆ. ಆರು ತಿಂಗಳಿಗೆ ಬದಲಿಸಿ, ನಾಲ್ಕನ್ನೂ ಒಟ್ಟಿಗೆ. ಒಂದು ಹೊಸದು ಮೂರು ಹಳೆಯದು ಎಂದು ಉಳಿಸಿದ ದುಡ್ಡು ಉಳಿಯುವುದಿಲ್ಲ. ನಿಮ್ಮ ಮಿಷನ್ನಿನ ಕಪ್ಪಿಗೆ ಕೂರದ, ಅಗ್ಗಕ್ಕೆ ಸಿಕ್ಕ ಬೇರೆ ಕಂಪೆನಿಯ ಲೈನರೂ ಬೇಡ. ಸಡಿಲವಾದರೆ ಕರೆಯುವಾಗ ಸುಸ್ ಎಂದು ಗಾಳಿ ಒಳಗೆ ನುಗ್ಗಿ, ಒಂದು ಮೊಲೆಯ ಸೋಂಕಿನ ಹಾಲು ಇನ್ನೊಂದರ ತುದಿಗೆ ಚಿಮ್ಮುತ್ತದೆ.

ಹಾಗೆಂದು ದೊಡ್ಡ ಅಂಗಡಿಯವರನ್ನು ಕಣ್ಣುಮುಚ್ಚಿ ನಂಬಿ ಎನ್ನುತ್ತಿಲ್ಲ. ವೇನು ಮಾತ್ರ ಸವೆದಿದ್ದಾಗ ಪಂಪನ್ನೇ ಬದಲಿಸಿ ಎಂದು ಹೇಳಿದ್ದನ್ನೂ ಕಂಡಿದ್ದೇನೆ. ಏನು ಹಾಳಾಗಿದೆ, ತೆಗೆದ ಭಾಗ ತೋರಿಸಿ ಎಂದು ಕೇಳಿ. ಹಳೆಯ ಭಾಗವನ್ನು ಮನೆಯಲ್ಲೇ ಬಿಟ್ಟುಹೋಗಲಿ. ಇನ್ನು ಮೂರು ದಿನ ಕಾಯುವುದೆಂದರೆ ಏನೆಂದು ಅಂಗಡಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ನಾಲ್ಕು ದನವನ್ನು ಕೈಯಲ್ಲಿ ಕರೆದು, ಮಕ್ಕಳನ್ನು ಶಾಲೆಗೆ ಹೊರಡಿಸಿ, ಸೊಸೈಟಿಯ ಸಮಯಕ್ಕೆ ಕ್ಯಾನು ಮುಟ್ಟಿಸುವವರು ನೀವು. ಮಣಿಕಟ್ಟು ನೋವಿಗಾಗಿಯೇ ಮಿಷನ್ ತೆಗೆದುಕೊಂಡವರೂ ನಿಮ್ಮಲ್ಲಿದ್ದೀರಿ. ಆ ಮೂರು ದಿನವನ್ನೂ ಖರ್ಚಿನ ಲೆಕ್ಕಕ್ಕೆ ಹಿಡಿಯುವುದು ತಪ್ಪಲ್ಲ.

ಅದಕ್ಕೆ ಕೆಲವು ಮನೆಗಳಲ್ಲಿ ಒಂದು ನಡುದಾರಿ ಕಂಡುಕೊಂಡಿದ್ದಾರೆ, ನನಗೂ ಅದು ಒಪ್ಪಿಗೆ. ಬಿಡಿಭಾಗವನ್ನು ಅಂಗಡಿಯಿಂದ ಬಿಲ್ಲಿನ ಸಮೇತ ಬಸ್ಸಿನಲ್ಲೋ ಕೊರಿಯರಿನಲ್ಲೋ ತರಿಸುವುದು, ಕೂಡಿಸುವಾಗ ಪೇಟೆಯ ಮೆಕ್ಯಾನಿಕ್ಕನ್ನು ಕರೆದು ಕಂಪೆನಿಯವರಿಗೆ ವಿಡಿಯೋ ಕಾಲ್ ಹಾಕುವುದು. ಒಂದು ಸೆಟ್ ಲೈನರ್, ಒಂದು ಬೆಲ್ಟು, ಪಲ್ಸೇಟರಿನ ಒಳಗಿನ ಡಯಾಫ್ರಾಮ್ ಮನೆಯಲ್ಲಿ ಇಟ್ಟುಕೊಂಡಿದ್ದರೆ ಇನ್ನೂ ಸುಲಭ. ವಾರಂಟಿ ಇರುವ ಮಿಷನ್ನಿಗೆ ಮಾತ್ರ ಈ ದಾರಿ ಬೇಡ. ಹೊರಗಿನವರು ಬಿಚ್ಚಿದ್ದು ಗೊತ್ತಾದರೆ ವಾರಂಟಿ ಹೋಯಿತು. ಸಹಾಯಧನದಲ್ಲಿ ಪಡೆದ ಮಿಷನ್ ಆದರೆ ಮೊದಲು ಸಂಘದ ಕಾರ್ಯದರ್ಶಿಯವರಲ್ಲಿ ಕೇಳಿ.

ಹುಲ್ಲು ಕತ್ತರಿಸುವ ಮಿಷನ್ನಿನ ಗೇರ್ ಬಾಕ್ಸನ್ನು ಊರಿನ ಮೆಕ್ಯಾನಿಕ್ಕಿಗೆ ಧಾರಾಳವಾಗಿ ಕೊಡಬಹುದು. ಹಲ್ಲು ಸವೆದ ಗೇರಿನ ಬದಲು ಅದೇ ಹಲ್ಲಿನ ಲೆಕ್ಕದ್ದು ಬಿದ್ದರಾಯಿತು. ಆದರೆ ಬಿಚ್ಚುವಾಗ ತೆಗೆದ ಬ್ಲೇಡಿನ ಕವರು ತಿರುಗಿ ಕೂತಿದೆಯೇ, ಹುಲ್ಲು ಹಿಂದಕ್ಕೆ ಬರಿಸುವ ಲಿವರು ಕೆಲಸ ಮಾಡುತ್ತದೆಯೇ ನೋಡದೆ ದುಡ್ಡು ಕೊಡಬೇಡಿ. ಬೆರಳಿಗೆ ಬಿಡಿಭಾಗ ಸಿಗುವುದಿಲ್ಲ.

ರಿಪೇರಿ ಯಾರೇ ಮಾಡಲಿ, ಅವರು ಹೊರಡುವ ಮೊದಲು ನೀವೇ ನಿಂತು ಪರೀಕ್ಷೆ ಮಾಡಿ. ಮಿಷನ್ ಓಡಿಸಿ ಗೇಜು ನೋಡಿ. ಬಕೆಟ್ ಮಿಷನ್ನುಗಳಲ್ಲಿ ಸಾಮಾನ್ಯವಾಗಿ 42ರಿಂದ 50 ಕಿಲೋಪಾಸ್ಕಲ್ ಇರುತ್ತದೆ. ಕೆಲವು ಗೇಜಿನಲ್ಲಿ ಪಾದರಸದ ಅಳತೆ ಇದ್ದರೆ 315ರಿಂದ 375 ಮಿಲಿಮೀಟರ್. ನಿಮ್ಮ ಮಿಷನ್ನಿನ ಪುಸ್ತಕದಲ್ಲಿ ಬರೆದಿರುವ ಅಂಕಿಯೇ ಕೊನೆಯ ಮಾತು. ಅದನ್ನು ಗೇಜಿನ ಗಾಜಿನ ಮೇಲೆ ಕೆಂಪು ನೇಲ್ ಪಾಲಿಶಿನಲ್ಲಿ ಗುರುತು ಮಾಡಿಡಿ. ಒಂದು ಕಪ್ಪಿನಿಂದ ಗಾಳಿ ಒಳಗೆ ಬಿಟ್ಟರೆ ಮುಳ್ಳು ಇಳಿಯಬೇಕು, ಮುಚ್ಚಿದ ಎರಡು ಮೂರು ಸೆಕೆಂಡಿನಲ್ಲಿ ಗುರುತಿಗೆ ಮರಳಬೇಕು. ಗುರುತು ದಾಟಿ ಮೇಲೆ ಹೋದರೆ ರೆಗ್ಯುಲೇಟರ್ ಸರಿಯಿಲ್ಲ. ಆಮೇಲೆ ಕೈ ತೊಳೆದು ಹೆಬ್ಬೆರಳನ್ನು ಒಂದು ಲೈನರಿನೊಳಗೆ ಇಟ್ಟು, ಉಳಿದ ಮೂರನ್ನು ಮುಚ್ಚಿ, ಮೊಬೈಲಿನ ಗಡಿಯಾರ ನೋಡುತ್ತಾ ಒಂದು ನಿಮಿಷ ಬಡಿತ ಎಣಿಸಿ. 55ರಿಂದ 65ರೊಳಗೆ ಬರಬೇಕು, ಪ್ರತಿ ಸಲವೂ ಬೆರಳನ್ನು ಒತ್ತಿ ಪೂರ್ತಿ ಬಿಡಬೇಕು. ನಾಲ್ಕು ಕಪ್ಪಿನಲ್ಲೂ ಹೀಗೆ ನೋಡಿ. ಬಿಗಿಹಿಡಿದು ಬಿಡದಿದ್ದರೆ ನಿಮ್ಮ ಹೆಬ್ಬೆರಳಿಗೇ ನೋವು ತಿಳಿಯುತ್ತದೆ.

ಇನ್ನೊಂದು ಇದೆ, ಇದನ್ನು ಯಾರೂ ನೋಡುವುದಿಲ್ಲ. ಮೋಟಾರು ಬಿಚ್ಚಿ ಕೂಡಿಸಿದಾಗ ಅರ್ತಿಂಗ್ ವಯರನ್ನು ಹಾಗೇ ಬಿಟ್ಟುಬಿಡುವ ಅಭ್ಯಾಸ ಕೆಲವರಿಗಿದೆ. ನಮ್ಮ ಹಟ್ಟಿಯ ನೆಲ ವರ್ಷದಲ್ಲಿ ಎಂಟು ತಿಂಗಳು ಒದ್ದೆ, ದನ ಬರಿಗಾಲಲ್ಲಿ ನಿಂತಿರುತ್ತದೆ, ನೀವೂ. ಮನುಷ್ಯರಿಗೆ ಜುಂ ಎನ್ನುವಷ್ಟು ಕರೆಂಟು ದನಕ್ಕೆ ದೊಡ್ಡ ಪೆಟ್ಟು. ಮೂರು ಪಿನ್ನಿನ ಪ್ಲಗ್ಗು, ಅರ್ತಿಂಗ್, ಹಟ್ಟಿಯ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಈ ಮೂರರಲ್ಲಿ ರಾಜಿ ಬೇಡ.

ಬಿಲ್ಲು ಕೇಳಿ. ಪೇಟೆಯ ಹುಡುಗನಾದರೂ ಚೀಟಿಯಲ್ಲಿ ತಾರೀಕು, ಮಾಡಿದ ಕೆಲಸ, ಹಾಕಿದ ಭಾಗ, ಎಷ್ಟು ದಿನದ ಜವಾಬ್ದಾರಿ ಎಂದು ಬರೆದು ಸಹಿ ಮಾಡಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದುಡ್ಡು ಪಡೆದು ಮಾಡಿದ ರಿಪೇರಿಯೂ ಸೇವೆಯೇ. ಮಾತಾಡಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಚೀಟಿ ಕೈಯಲ್ಲಿದ್ದರೆ ಅಷ್ಟು ದೂರ ಹೋಗುವ ಪ್ರಮೇಯವೂ ಕಡಿಮೆ.

ರಿಪೇರಿಯಾದ ಮೊದಲ ವಾರ ಪ್ರತಿ ಸಲ ಕಪ್ಪು ತೆಗೆದ ಕೂಡಲೇ ತೊಟ್ಟು ನೋಡಿ. ನೀಲಿ ಅಥವಾ ಕೆಂಪು ಬಣ್ಣ, ಬುಡದಲ್ಲಿ ಒತ್ತಿದ ಉಂಗುರ, ಚಪ್ಪಟೆಯಾದ ತುದಿ ಕಂಡರೆ, ದನ ಒದೆಯಲು ಶುರು ಮಾಡಿದರೆ, ಆ ಹೊತ್ತಿನಿಂದಲೇ ಕೈಯಲ್ಲಿ ಕರೆಯಿರಿ. ಕರೆದ ಮೇಲೆ ಅಯೋಡಿನ್ ದ್ರಾವಣದಲ್ಲಿ ತೊಟ್ಟು ಅದ್ದುವುದನ್ನು ಬಿಡಬೇಡಿ. ಆ ವಾರದಲ್ಲಿ ನಮಗೆ ಒಂದು ಫೋನ್ ಮಾಡಿದರೆ ಬಂದು ಸಿ.ಎಂ.ಟಿ. ಪರೀಕ್ಷೆ ಮಾಡಿಕೊಡುತ್ತೇವೆ. ಕಣ್ಣಿಗೆ ಕಾಣದ ಕೆಚ್ಚಲು ಬಾವು ಸ್ವಲ್ಪ ದ್ರಾವಣದಲ್ಲಿ ಎರಡೇ ನಿಮಿಷಕ್ಕೆ ಗೊತ್ತಾಗುತ್ತದೆ.